ಕಲಿಕಾ ತೊಂದರೆ ಇರುವ ಮಗುವಿಗೆ ಯಾವ ನೆರವು? ಹೆಸರಿನ ಬೋರ್ಡ್ ನೋಡಬೇಡಿ, ಪಾಠ ನೋಡಿ

ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಓದುವುದರಲ್ಲೇ ತೊಂದರೆ, ಇದೆ ಅಂತ ರಿಪೋರ್ಟ್ ಬಂದ ಮೇಲೆ ಮನೆಯವರಿಗೆ ಒಬ್ಬೊಬ್ಬರು ಒಂದೊಂದು ದಾರಿ ತೋರಿಸುತ್ತಾರೆ. ಟ್ಯೂಷನ್ ಹಾಕಿ ಅನ್ನುವವರು ಒಬ್ಬರು. ಸ್ಪೆಷಲ್ ಸ್ಕೂಲಿಗೆ ಸೇರಿಸಿ ಅನ್ನುವವರು ಇನ್ನೊಬ್ಬರು. ಬಣ್ಣದ ಕನ್ನಡಕ, ನೆನಪಿನ ಶಕ್ತಿಯ ಆ್ಯಪ್, ಇಂಗ್ಲಿಷ್ ಮೀಡಿಯಂ ಬಿಡಿಸುವುದು, ಓಪನ್ ಸ್ಕೂಲ್, ಹೀಗೆ ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ. ಪ್ರತಿಯೊಂದಕ್ಕೂ ದುಡ್ಡು ಬೇಕು, ಸಮಯವೂ ಬೇಕು. ದುಡ್ಡಿಗಿಂತ ಸಮಯ ಹೋದರೆ ನಷ್ಟ ಜಾಸ್ತಿ.

ಈ ವಿಷಯದಲ್ಲಿ ಸಂಶೋಧನೆ ಬೇಕಾದಷ್ಟಿದೆ. ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ 1963ರಲ್ಲಿ ಪೋಷಕರ ಸಭೆಯೊಂದರಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಎಂಬ ಹೆಸರು ಹೇಳಿದರು. ಆಮೇಲೆ ಅದೇ ಎಲ್ಲೆಡೆ ಬಳಕೆಗೆ ಬಂತು. ಅಲ್ಲಿಂದ ಈಚೆಗೆ ನಡೆದ ಅಧ್ಯಯನಗಳನ್ನು ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ವಿಧಾನದ ಹೆಸರು, ಕಟ್ಟಡ, ಫೀಸು ಇವುಗಳಿಂದ ಮಗುವಿನ ಓದು ಬದಲಾಗುವುದು ಕಡಿಮೆ. ಎಷ್ಟು ಬಿಡಿಸಿ ಹೇಳಿಕೊಡುತ್ತಾರೆ, ವಾರಕ್ಕೆ ಎಷ್ಟು ಗಂಟೆ, ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು, ಮಗು ಮುಂದೆ ಹೋಗುತ್ತಿದೆಯೇ ಎಂದು ಅಳೆದು ನೋಡುತ್ತಾರೆಯೇ ಎಂಬುದರಿಂದ ಬದಲಾಗುತ್ತದೆ. ಆಯ್ಕೆಗಳನ್ನು ಹೋಲಿಸುವಾಗ ಈ ನಾಲ್ಕನ್ನೇ ಹಿಡಿದುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಹೇಳುತ್ತಿರುವುದು ಬುದ್ಧಿ ಚುರುಕಾಗಿದ್ದು, ಮಾತಿನಲ್ಲಿ ಎಲ್ಲವನ್ನೂ ಹೇಳಬಲ್ಲ, ಆದರೆ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತುಂಬಾ ಹಿಂದೆ ಬೀಳುವ ಮಕ್ಕಳ ಬಗ್ಗೆ. ಬೌದ್ಧಿಕ ಬೆಳವಣಿಗೆಯೇ ನಿಧಾನವಾಗಿರುವ ಮಕ್ಕಳ ದಾರಿ ಬೇರೆ. ಕಣ್ಣು, ಕಿವಿ ಪರೀಕ್ಷೆ ಆಗಿರದಿದ್ದರೆ ಅದನ್ನು ಮೊದಲು ಮುಗಿಸಿ.

ಟ್ಯೂಷನ್ ಅಥವಾ ರೆಮಿಡಿಯಲ್ ಪಾಠ

ಹೆಚ್ಚಿನ ಮನೆಗಳಲ್ಲಿ ಮೊದಲ ತಪ್ಪು ಆಯ್ಕೆ ಆಗುವುದು ಇಲ್ಲೇ. ಟ್ಯೂಷನ್‌ನಲ್ಲಿ ನಡೆಯುವುದು ಶಾಲೆಯ ಪಾಠದ ಪುನರಾವರ್ತನೆ. ಹೋಂವರ್ಕ್ ಮುಗಿಸುತ್ತಾರೆ, ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚಾಗಬಹುದು. ಆದರೆ ಐದನೇ ತರಗತಿಯ ಮಗುವಿಗೆ ಒತ್ತಕ್ಷರ ಓದಲು ಬರುತ್ತಿಲ್ಲ ಎಂದರೆ, ಐದನೇ ತರಗತಿಯ ಪಾಠವನ್ನು ಇನ್ನೊಮ್ಮೆ ಓದಿಸಿದರೆ ಏನೂ ಆಗುವುದಿಲ್ಲ. ಮಗು ಎಲ್ಲಿ ನಿಂತಿದೆಯೋ ಅಲ್ಲಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ಕಟ್ಟಿಕೊಂಡು ಬರುವುದು ರೆಮಿಡಿಯಲ್ ಪಾಠ. ಅದಕ್ಕೆ ಕೆಲವು ಸಲ ಎರಡನೇ ತರಗತಿಯ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಪೋಷಕರಿಗೆ ಇದು ಕಷ್ಟ ಅನಿಸುತ್ತದೆ, ಮಗು ಇನ್ನೂ ಹಿಂದಕ್ಕೆ ಹೋಯಿತೇನೋ ಅನಿಸುತ್ತದೆ. ಹಾಗಲ್ಲ.

ಈ ಪಾಠದ ಒಳಗೆ ಏನಿರಬೇಕು? ಜರ್ಮನಿಯ ಗಾಲುಷ್ಕಾ ಮತ್ತು ಸಂಗಡಿಗರು 2014ರಲ್ಲಿ ಓದಿನ ತೊಂದರೆ ಇರುವ ಮಕ್ಕಳ ಮೇಲೆ ನಡೆದ 22 ನಿಯಂತ್ರಿತ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸುವ ವಿಧಾನ, ಅಂದರೆ ಫೋನಿಕ್ಸ್, ಮಾತ್ರ ಅಂಕಿಅಂಶದ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿತು. ಅದಕ್ಕೂ ಮೊದಲು, 1999ರಲ್ಲಿ, ಲೀ ಸ್ವಾನ್ಸನ್ ಮತ್ತು ಸಂಗಡಿಗರು ಕಲಿಕಾ ತೊಂದರೆಯ ಬಗ್ಗೆ ಬಂದ 180 ಅಧ್ಯಯನಗಳನ್ನು ಸೇರಿಸಿ ನೋಡಿದ್ದರು. ಹೆಜ್ಜೆ ಹೆಜ್ಜೆಯಾಗಿ ನೇರವಾಗಿ ಹೇಳಿಕೊಡುವುದು, ಅದರ ಜೊತೆಗೆ 'ಹೀಗೆ ಯೋಚಿಸು, ಹೀಗೆ ಪರೀಕ್ಷಿಸಿಕೋ' ಎಂಬ ಉಪಾಯಗಳನ್ನೂ ಕಲಿಸುವುದು, ಈ ಎರಡೂ ಸೇರಿದ ಪಾಠ ಹೆಚ್ಚು ಫಲ ಕೊಟ್ಟಿತ್ತು. ಮಗು ತಾನಾಗಿ ಕಂಡುಕೊಳ್ಳಲಿ ಎಂದು ಬಿಡುವ ಪಾಠ ಈ ಮಕ್ಕಳಿಗೆ ಸಾಕಾಗುವುದಿಲ್ಲ.

ಬ್ರ್ಯಾಂಡ್ ವಿಷಯ. ನಗರಗಳ ಕೇಂದ್ರಗಳಲ್ಲಿ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಎಂಬ ಹೆಸರು ಕೇಳಿರುತ್ತೀರಿ. 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಿಧಾನ ಅದು. ನೋಡುವುದು, ಕೇಳುವುದು, ಬೆರಳಲ್ಲಿ ಬರೆಯುವುದು ಎಲ್ಲವನ್ನೂ ಸೇರಿಸುತ್ತದೆ. ಒಳ್ಳೆಯ ಶಿಕ್ಷಕರ ಕೈಯಲ್ಲಿ ಅದು ಒಳ್ಳೆಯ ಪಾಠವೇ. ಆದರೆ 2021ರಲ್ಲಿ ಸ್ಟೀವನ್ಸ್ ಮತ್ತು ಸಂಗಡಿಗರು ಅದರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಫಲ ಇದೆ ಅಂತ ಖಚಿತವಾಗಿ ಹೇಳುವಷ್ಟು ಅಂತರ ಸಿಗಲಿಲ್ಲ. ಹಾಗಾಗಿ ಆ ಹೆಸರಿಗಾಗಿಯೇ ಎರಡು ಪಟ್ಟು ಫೀಸು ಕೇಳಿದರೆ ಕೊಡಬೇಕಾಗಿಲ್ಲ.

ಈ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ ಜೋಸೆಫ್ ಟಾರ್ಗೆಸನ್ ಅವರ 2001ರ ಅಧ್ಯಯನ. ಎಂಟರಿಂದ ಹತ್ತು ವರ್ಷದ, ಓದಿನಲ್ಲಿ ತೀರಾ ಹಿಂದಿದ್ದ 60 ಮಕ್ಕಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಬೇರೆ ಬೇರೆ ವಿಧಾನದ ಪಾಠ. ಒಬ್ಬ ಶಿಕ್ಷಕರಿಗೆ ಒಂದೇ ಮಗು, ದಿನಕ್ಕೆ 50 ನಿಮಿಷದ ಎರಡು ಪಾಠ, ಸುಮಾರು ಎಂಟು ವಾರ, ಒಟ್ಟು 67.5 ಗಂಟೆ. ಎರಡೂ ಗುಂಪಿನ ಮಕ್ಕಳು ಹೆಚ್ಚೂಕಡಿಮೆ ಒಂದೇ ರೀತಿ ಮುಂದೆ ಬಂದರು. ಎರಡು ವರ್ಷದ ನಂತರ ನೋಡಿದಾಗಲೂ ಆ ಗಳಿಕೆ ಉಳಿದಿತ್ತು. ಸುಮಾರು 40 ಶೇಕಡಾ ಮಕ್ಕಳಿಗೆ ಒಂದು ವರ್ಷದೊಳಗೆ ವಿಶೇಷ ಪಾಠವೇ ಬೇಡವಾಯಿತು. ಹಿಂದೆ ಉಳಿದದ್ದು ಓದಿನ ವೇಗ. ತಪ್ಪಿಲ್ಲದೆ ಓದಲು ಕಲಿತರು, ಆದರೆ ನಿಧಾನ ಹೋಗಲಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಪರೀಕ್ಷೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಆ ಗಂಟೆಗಳ ಲೆಕ್ಕವನ್ನು ನಮ್ಮಲ್ಲಿನ ವಾರಕ್ಕೊಂದು ಗಂಟೆಯ ಪಾಠದ ಪಕ್ಕ ಇಟ್ಟು ನೋಡಿ. ಅಷ್ಟೇ ಪಾಠ ಮುಗಿಯಲು ಒಂದು ವರ್ಷಕ್ಕೂ ಜಾಸ್ತಿ ಬೇಕು, ನಡುವೆ ಹಬ್ಬ, ಜ್ವರ, ರಜೆ ಬೇರೆ. ದೂರದ ಪ್ರಸಿದ್ಧ ಕೇಂದ್ರದಲ್ಲಿ ಶನಿವಾರ ಒಂದು ಗಂಟೆ, ಅಥವಾ ಮನೆ ಹತ್ತಿರದ ತರಬೇತಿ ಪಡೆದ ಶಿಕ್ಷಕಿಯ ಹತ್ತಿರ ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ. ಈ ಎರಡರಲ್ಲಿ ನಾನು ಯೋಚಿಸದೆ ಎರಡನೆಯದನ್ನು ಆರಿಸುತ್ತೇನೆ.

ಕನ್ನಡ ಓದಿಸಲು ಇಂಗ್ಲಿಷ್ ಪಟ್ಟಿ ಸಾಲದು

ಹೆಚ್ಚಿನ ಸಂಶೋಧನೆ ಇಂಗ್ಲಿಷ್ ಓದಿನ ಮೇಲೆ ನಡೆದಿದೆ. ಕನ್ನಡದ ಮಗುವಿಗೆ ಅದನ್ನು ಹಾಗೆಯೇ ತಂದು ಹಾಕಲು ಆಗುವುದಿಲ್ಲ. ಸೋನಾಲಿ ನಾಗ್ ಅವರು ಕರ್ನಾಟಕದ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಮಕ್ಕಳು ಶಾಲೆಯ ಮೊದಲ ವರ್ಷಗಳಲ್ಲೇ ಕಲಿತು ಮುಗಿಸುತ್ತಾರೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಅವುಗಳ ಕಲಿಕೆ ಮೂರನೇ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ತೊಂದರೆ ಏನೂ ಇಲ್ಲದ ಮಕ್ಕಳಿಗೂ ಅಷ್ಟು ಸಮಯ ಬೇಕು. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರ ತಪ್ಪಿತು ಅಂತ ಗಾಬರಿ ಬೀಳಬೇಡಿ. ಅದೇ ತರಗತಿಯ ಬೇರೆ ಮಕ್ಕಳ ಜೊತೆ ಹೋಲಿಸಿ. ಎಲ್ಲರೂ ಮೂಲಾಕ್ಷರ ದಾಟಿ ಕಾಗುಣಿತಕ್ಕೆ ಬಂದಿದ್ದಾಗ ಈ ಮಗು ಮಾತ್ರ ಬ-ಭ, ದ-ಧ, ವ-ಪ-ಷ ಇವುಗಳಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದರೆ ಅದು ಗಮನಿಸಬೇಕಾದ ವಿಷಯ.

ಕನ್ನಡದ ರೆಮಿಡಿಯಲ್ ಪಾಠ ಹೇಗಿರಬೇಕು? ಬರೀ ವರ್ಣಮಾಲೆ ತಿದ್ದಿಸುವುದಲ್ಲ. ಗುಡಿಸು, ಕೊಂಬು, ಏತ್ವ, ಓತ್ವ ಪ್ರತಿಯೊಂದೂ ಯಾವ ಸ್ವರದ ಗುರುತು ಎಂದು ಬಿಡಿಸಿ ತೋರಿಸಬೇಕು. ಒಂದು ವ್ಯಂಜನದಲ್ಲಿ ಕಲಿತದ್ದನ್ನು ಮಗು ಇನ್ನೊಂದಕ್ಕೆ ತಾನೇ ಹಾಕಿ ನೋಡಬೇಕು. 'ಸೂರ್ಯ' ಎಂಬ ಪದವನ್ನೇ ತೆಗೆದುಕೊಳ್ಳಿ. ಬಾಯಲ್ಲಿ ಮೊದಲು ಬರುವುದು ರ, ಆಮೇಲೆ ಯ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ನಂತರ. ಇಂಥ ಕಡೆ ಮಕ್ಕಳು ಎಡವುವುದು ಸಹಜ, ಕಲಿಕಾ ತೊಂದರೆ ಇರುವ ಮಗುವಿಗಂತೂ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ನೂರು ಸಲ ಕಾಪಿ ಬರೆಸಿದರೆ ಅದು ಹೊಳೆಯುವುದಿಲ್ಲ. ಶಿಕ್ಷಕರನ್ನು ಆರಿಸುವಾಗ 'ಅರ್ಕಾವೊತ್ತು ಹೇಗೆ ಹೇಳಿಕೊಡುತ್ತೀರಿ ಮೇಡಂ?' ಅಂತ ಕೇಳಿ. ಉತ್ತರದಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಮೀಡಿಯಂ ಬದಲಿಸಬೇಕೇ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಕನ್ನಡದಲ್ಲಿ ಅಕ್ಷರ ಕಂಡ ಹಾಗೆ ಓದಬಹುದು, ಇಂಗ್ಲಿಷ್ ಹಾಗಲ್ಲ. ಅದಕ್ಕೇ ಎಷ್ಟೋ ಮಕ್ಕಳ ತೊಂದರೆ ಇಂಗ್ಲಿಷ್‌ನಲ್ಲಿ ಎದ್ದು ಕಾಣುತ್ತದೆ, ಕನ್ನಡದಲ್ಲಿ ಮುಚ್ಚಿಹೋಗುತ್ತದೆ. ಜರ್ಮನ್ ಕೂಡ ಬರೆದ ಹಾಗೆ ಓದುವ ಭಾಷೆ. ಅಲ್ಲಿನ ಡಿಸ್ಲೆಕ್ಸಿಯಾ ಮಕ್ಕಳು ತಪ್ಪು ಕಡಿಮೆ ಮಾಡುತ್ತಾರೆ, ಆದರೆ ತುಂಬಾ ನಿಧಾನ ಓದುತ್ತಾರೆ ಎಂದು ಹೈಂಜ್ ವಿಮರ್ 1993ರಲ್ಲೇ ತೋರಿಸಿದ್ದರು. ಆದ್ದರಿಂದ ಕನ್ನಡದಲ್ಲಿ 'ತಪ್ಪಿಲ್ಲದೆ ಓದುತ್ತಾನಲ್ಲ' ಎಂದು ಬಿಡಬೇಡಿ, ವೇಗವನ್ನೂ ನೋಡಿ. ಮನೆ ಭಾಷೆ ಕನ್ನಡ, ಮಗು ಇನ್ನೂ ಒಂದು ಅಥವಾ ಎರಡನೇ ತರಗತಿ ಎಂದಾದರೆ ಕನ್ನಡ ಮಾಧ್ಯಮ ಹಗುರವಾಗಬಹುದು. ಏಳನೇ ತರಗತಿಯಲ್ಲಿ ಮಾಧ್ಯಮ ಬದಲಿಸಿದರೆ ವಿಜ್ಞಾನ, ಸಮಾಜದ ಪದಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ಆ ಹೊರೆ ಬೇಡ. ಮೌಲ್ಯಮಾಪನವನ್ನು ಎರಡೂ ಭಾಷೆಯಲ್ಲಿ ಮಾಡಿಸಿ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ.

ಒಬ್ಬರಿಗೊಬ್ಬರು, ಗುಂಪು, ತರಗತಿಯೊಳಗೆ, ತರಗತಿಯ ಹೊರಗೆ

ಒಬ್ಬ ಶಿಕ್ಷಕರಿಗೆ ಒಂದೇ ಮಗು ಇದ್ದರೆ ಉತ್ತಮ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಶೇರನ್ ವಾನ್ ಮತ್ತು ಸಂಗಡಿಗರು 2003ರಲ್ಲಿ ಎರಡನೇ ತರಗತಿಯ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಮಗು, ಮೂರು ಮಕ್ಕಳು, ಹತ್ತು ಮಕ್ಕಳು ಹೀಗೆ ಮೂರು ಗಾತ್ರ. ಒಂದು ಮತ್ತು ಮೂರು, ಎರಡೂ ಹತ್ತಕ್ಕಿಂತ ಮುಂದಿದ್ದವು. ಆದರೆ ಒಂದಕ್ಕೂ ಮೂರಕ್ಕೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ನಮ್ಮ ಊರುಗಳಿಗೆ ಇದು ದೊಡ್ಡ ಸಮಾಧಾನದ ಸುದ್ದಿ. ಒಂದೇ ಮಟ್ಟದ ಮೂವರು ಮಕ್ಕಳ ಪೋಷಕರು ಸೇರಿ ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿಕೊಂಡರೆ ಅದೇ ದುಡ್ಡಿಗೆ ಮೂರು ಪಟ್ಟು ದಿನ ಪಾಠ ಸಿಗುತ್ತದೆ. ಮಗುವಿಗೂ ತನ್ನಂಥವರು ಇನ್ನಿಬ್ಬರಿದ್ದಾರೆ ಎಂದು ಗೊತ್ತಾಗುತ್ತದೆ. ಒಂದೇ ಮಟ್ಟದವರು ಎಂಬ ಷರತ್ತು ಮಾತ್ರ ಬಿಡಬೇಡಿ.

ತರಗತಿಯೊಳಗೇ ಇಡಬೇಕೇ, ರಿಸೋರ್ಸ್ ರೂಮಿಗೆ (ಪ್ರತ್ಯೇಕ ಪಾಠದ ಕೋಣೆಗೆ) ಕಳಿಸಬೇಕೇ ಎಂಬ ವಾದ ಹಳೆಯದು. 2022ರಲ್ಲಿ ಡೆನ್ಮಾರ್ಕಿನ ಡಾಲ್ಗಾರ್ಡ್ ಮತ್ತು ಸಂಗಡಿಗರ ವಿಮರ್ಶೆಯಲ್ಲಿ, ವಿಶೇಷ ಅಗತ್ಯದ ಮಕ್ಕಳನ್ನು ಸಾಮಾನ್ಯ ತರಗತಿಯಲ್ಲಿ ಇಟ್ಟದ್ದರಿಂದ ಕಲಿಕೆಗೆ ಸರಾಸರಿಯಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಜಾಗವೊಂದೇ ಏನೂ ಮಾಡುವುದಿಲ್ಲ ಅಂದ ಹಾಗಾಯಿತು. ಕಲಿಸುವುದರ ಕಡೆ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಲಿನ್ ಫುಕ್ಸ್ ಅವರ ತಂಡ 2015ರಲ್ಲಿ ನಾಲ್ಕನೇ ತರಗತಿಯ ಭಿನ್ನರಾಶಿ ಪಾಠವನ್ನು ಹೀಗೆಯೇ ಹೋಲಿಸಿತು. ಲೆಕ್ಕದಲ್ಲಿ ಹಿಂದಿದ್ದ ಮಕ್ಕಳಲ್ಲಿ, ಸಾಮಾನ್ಯ ತರಗತಿಯಲ್ಲಷ್ಟೇ ಕುಳಿತವರಿಗಿಂತ ಪ್ರತ್ಯೇಕ ಪಾಠ ಪಡೆದವರು ಮುಂದೆ ಬಂದರು.

ನನ್ನ ಅಭಿಪ್ರಾಯ ಹೀಗಿದೆ. ಮಗು ದಿನದ ಹೆಚ್ಚು ಹೊತ್ತು ತನ್ನ ತರಗತಿಯಲ್ಲೇ, ತನ್ನ ಸ್ನೇಹಿತರ ಜೊತೆಗೇ ಇರಲಿ. ಓದು ಅಥವಾ ಲೆಕ್ಕಕ್ಕೆ ದಿನಕ್ಕೊಂದು ಪೀರಿಯಡ್ ಹೊರಗೆ ಹೋಗಲಿ. ಆ ಪೀರಿಯಡ್ ಆಟದ್ದೋ ಚಿತ್ರಕಲೆಯದ್ದೋ ಆಗಬಾರದು. ಓದಿನಲ್ಲಿ ಸೋಲುವ ಮಗು ಗೆಲ್ಲುವ ಜಾಗ ಅದೊಂದೇ ಇರಬಹುದು. ಬರೀ ಕಲಿಕಾ ತೊಂದರೆಗಾಗಿ ಪೂರ್ತಿ ಸ್ಪೆಷಲ್ ಸ್ಕೂಲಿಗೆ ಸೇರಿಸುವುದು ಹೆಚ್ಚಿನ ಮಕ್ಕಳಿಗೆ ಬೇಕಾಗಿಲ್ಲ.

ಸರ್ಕಾರಿ ಶಾಲೆಯ ಮಗುವಾದರೆ ಮುಖ್ಯ ಶಿಕ್ಷಕರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಹೇಳಿಸಿ. ಸಮನ್ವಯ ಶಿಕ್ಷಣಕ್ಕೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಎಲ್ಲರೂ ಬಿಐಇಆರ್‌ಟಿ ಅನ್ನುವವರು, ಅಲ್ಲಿರುತ್ತಾರೆ. ಒಬ್ಬೊಬ್ಬರಿಗೆ ಬಹಳ ಶಾಲೆಗಳಿರುವುದರಿಂದ ದಿನವೂ ಬಂದು ಪಾಠ ಮಾಡಲು ಅವರಿಗೆ ಆಗುವುದಿಲ್ಲ. ಆದರೆ ಮಗುವಿಗೆ ಏನು ಕಲಿಸಬೇಕು ಎಂದು ತರಗತಿ ಶಿಕ್ಷಕರಿಗೆ ಬರೆದುಕೊಡಲು ಕೇಳಬಹುದು. ಅದನ್ನು ಹಿಡಿದು ಮನೆಯಲ್ಲಿ ಅಕ್ಕನೋ ಚಿಕ್ಕಮ್ಮನೋ ದಿನಕ್ಕೆ ಅರ್ಧ ಗಂಟೆ ಕೂರಿಸಿಕೊಂಡರೂ ಪ್ರಯೋಜನವಿದೆ.

ಯಾವುದಕ್ಕೆ ದುಡ್ಡು ಹಾಕಬಾರದು

ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಎರಡೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಟನೆಗಳು 2009ರಲ್ಲಿ ಒಟ್ಟಾಗಿ, ಇವುಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿವೆ. ನೆನಪಿನ ಶಕ್ತಿಯ ಆಟಗಳಲ್ಲಿ ಮಗು ಆ ಆಟದಲ್ಲಿ ಚುರುಕಾಗುತ್ತದೆ, ಓದು ಲೆಕ್ಕಕ್ಕೆ ಅದು ದಾಟುವುದಿಲ್ಲ ಎಂದು ಮೆಲ್ಬಿ-ಲರ್ವೋಗ್ ಮತ್ತು ಹ್ಯೂಮ್ 2013ರಲ್ಲಿ ತೋರಿಸಿದರು. ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ಅಕ್ಷರವಿನ್ಯಾಸಗಳದ್ದೂ ಇದೇ ಕಥೆ, ಅಕ್ಷರಗಳ ನಡುವೆ ಜಾಗ ಹೆಚ್ಚು ಬಿಟ್ಟರೆ ಸಾಕು. 'ನಿಮ್ಮ ಮಗು ವಿಶುವಲ್ ಲರ್ನರ್, ನೋಡಿ ಕಲಿಯುವ ಮಗು' ಎಂದು ಹೇಳಿ ಅದಕ್ಕೊಂದು ಪ್ಯಾಕೇಜ್ ಮಾರುವವರಿಂದ ದೂರ ಇರಿ. ಮಗುವಿನ ಕಲಿಕೆಯ ಶೈಲಿ ನೋಡಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಸರಿಯಾದ ಪುರಾವೆ ಇಲ್ಲ ಎಂದು ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಬರೆದಿದ್ದಾರೆ.

ಪಾಠ ನಡೆಯುತ್ತಿರುವಾಗ ಉಳಿದ ವಿಷಯಗಳ ಗತಿ?

ಓದು ಸುಧಾರಿಸಲು ವರ್ಷಗಳು ಬೇಕಾಗಬಹುದು. ಅಷ್ಟು ಕಾಲ ಸಮಾಜ, ವಿಜ್ಞಾನ ಕಾಯುವುದಿಲ್ಲ. ಅದಕ್ಕೇ ಎರಡೂ ಒಟ್ಟಿಗೆ ನಡೆಯಬೇಕು: ಓದು ಕಲಿಸುವ ಪಾಠ ಒಂದು ಕಡೆ, ಓದಿನ ಅಡ್ಡಿ ಇಲ್ಲದೆ ವಿಷಯ ಮುಟ್ಟಿಸುವ ನೆರವು ಇನ್ನೊಂದು ಕಡೆ. ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಕನ್ನಡದಲ್ಲೂ ಇದೆ. ವುಡ್ ಮತ್ತು ಸಂಗಡಿಗರ 2018ರ ವಿಶ್ಲೇಷಣೆಯ ಪ್ರಕಾರ ಇಂಥ ನೆರವಿನಿಂದ ಓದಿದ್ದು ಅರ್ಥವಾಗುವ ಮಟ್ಟ ಸಾಧಾರಣವಾಗಿ ಏರುತ್ತದೆ. 'ಕೇಳಿಸಿಕೊಂಡರೆ ಓದೋದು ಮರೆತುಬಿಡ್ತಾನೆ' ಎಂಬ ಭಯದಿಂದ ಇದನ್ನು ತಡೆಯಬೇಡಿ. ರೆಮಿಡಿಯಲ್ ಪಾಠ ನಿಲ್ಲದಿದ್ದರೆ ಸಾಕು.

ಪರೀಕ್ಷೆಯಲ್ಲಿ ಸಿಗುವ ನೆರವುಗಳನ್ನೂ ಹೋಲಿಸಿ ಆರಿಸಬೇಕು. ಉತ್ತರ ಗೊತ್ತು, ಓದಿ ಬರೆಯುವುದು ನಿಧಾನ ಎಂದಾದರೆ ಹೆಚ್ಚುವರಿ ಸಮಯ. ಟಾರ್ಗೆಸನ್ ಅವರ ಮಕ್ಕಳಲ್ಲಿ ವೇಗ ಹಿಂದೆ ಉಳಿದದ್ದು ನೆನಪಿದೆಯಲ್ವಾ? ಪಾಠ ಚೆನ್ನಾಗಿ ಆದ ಮಗುವಿಗೂ ಈ ಸಮಯ ಬೇಕಾಗಬಹುದು. ಪ್ರಶ್ನೆಯನ್ನೇ ಓದಲು ಆಗದಿದ್ದರೆ ಓದಿ ಹೇಳುವವರು ಬೇಕು. ಕೈಬರಹ ಯಾರಿಗೂ ಅರ್ಥವಾಗದಿದ್ದರೆ ಬರೆದುಕೊಡುವವರು, ಅಂದರೆ ಸ್ಕ್ರೈಬ್. ಸ್ಕ್ರೈಬ್ ತೆಗೆದುಕೊಳ್ಳುವುದು ಸುಲಭ ಅನಿಸುತ್ತದೆ. ಆದರೆ ಉತ್ತರವನ್ನು ಬಾಯಲ್ಲಿ ಕ್ರಮವಾಗಿ ಹೇಳುವುದು, ರೇಖಾಗಣಿತದ ಚಿತ್ರ ಎಲ್ಲಿ ಹೇಗೆ ಎಳೆಯಬೇಕು ಎಂದು ತಿಳಿಸುವುದು ಬೇರೆಯೇ ಅಭ್ಯಾಸ. ಪೂರ್ವಸಿದ್ಧತಾ ಪರೀಕ್ಷೆಗೂ ಮೊದಲೇ ಕಿರುಪರೀಕ್ಷೆಗಳಲ್ಲಿ ಅಭ್ಯಾಸ ಮಾಡಿಸದಿದ್ದರೆ ಪಬ್ಲಿಕ್ ಪರೀಕ್ಷೆಯ ದಿನ ಮಗು ಕಂಗಾಲಾಗುತ್ತದೆ.

ಇವು ಯಾರೋ ದಯೆಯಿಂದ ಕೊಡುವುದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಕೇಂದ್ರ ಸರ್ಕಾರದ 2018ರ ಪರೀಕ್ಷಾ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತ್ತು. ಅದೇ ವರ್ಷದ ಅಂಗವೈಕಲ್ಯ ಪ್ರಮಾಣಪತ್ರದ ಮಾರ್ಗಸೂಚಿಯಲ್ಲಿ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ ಎಂದಿತ್ತು. ಇಲ್ಲಿ ಒಂದು ಎಚ್ಚರಿಕೆ. ಪ್ರಮಾಣಪತ್ರಕ್ಕೆ ಎಂಟು ವರ್ಷ ಬೇಕು ಎಂದರೆ ಪಾಠಕ್ಕೂ ಅಲ್ಲಿಯವರೆಗೆ ಕಾಯಬೇಕು ಅಂತಲ್ಲ. ಮೌರೀನ್ ಲೊವೆಟ್ ಅವರ ತಂಡ 2017ರಲ್ಲಿ ತೋರಿಸಿದಂತೆ, ಒಂದು ಎರಡನೇ ತರಗತಿಯಲ್ಲೇ ಪಾಠ ಸಿಕ್ಕ ಮಕ್ಕಳು ಪದ ಓದುವ ಮೂಲ ಕೌಶಲಗಳಲ್ಲಿ ಮೂರನೇ ತರಗತಿಯಲ್ಲಿ ಶುರುಮಾಡಿದವರಿಗಿಂತ ಸುಮಾರು ಎರಡು ಪಟ್ಟು ಗಳಿಸಿದರು. ಸಂಶಯ ಬಂದ ದಿನವೇ ಪಾಠ ಶುರುವಾಗಲಿ. ಕಾಗದ ಆಮೇಲೆ ಬರುತ್ತದೆ. ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎರಡೂ ಇವೆ. ಪ್ರಮಾಣಪತ್ರ ಅಲ್ಲೇ ಸಿಗುತ್ತದೆಯೇ, ಜಿಲ್ಲಾ ಆಸ್ಪತ್ರೆಗೆ ಹೋಗಬೇಕೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ಮಗು ಈಗಾಗಲೇ ಎಂಟು ಅಥವಾ ಒಂಬತ್ತನೇ ತರಗತಿಯಲ್ಲಿದ್ದರೆ

ಇಲ್ಲಿ ತೂಕ ಬದಲಾಗುತ್ತದೆ. ಓದಿನ ಪಾಠ ನಿಲ್ಲಿಸಬೇಡಿ, ಆದರೆ ಪರೀಕ್ಷೆಯ ನೆರವಿಗೆ ಮೊದಲ ಗಮನ ಕೊಡಿ. ಒಂಬತ್ತನೇ ತರಗತಿಯ ಜೂನ್‌ನಲ್ಲೇ ಪ್ರಮಾಣಪತ್ರದ ಕೆಲಸ ಹಿಡಿಯಿರಿ. ಎಸ್‌ಎಸ್‌ಎಲ್‌ಸಿ ಅರ್ಜಿಯ ಹೊತ್ತಿಗೆ ಅದು ಕೈಯಲ್ಲಿರಬೇಕು, ಮನವಿ ಮುಖ್ಯ ಶಿಕ್ಷಕರ ಮೂಲಕವೇ ಹೋಗಬೇಕು. ಯಾವ ಭಾಷೆಯಲ್ಲಿ, ಯಾವ ವಿಷಯದಲ್ಲಿ ವಿನಾಯಿತಿ ಸಿಗುತ್ತದೆ ಎಂಬುದಕ್ಕೆ ಆ ವರ್ಷದ ಸುತ್ತೋಲೆಯನ್ನೇ ತರಿಸಿ ಓದಿ, ಬಾಯಿಮಾತು ನಂಬಬೇಡಿ. ಸಿಬಿಎಸ್‌ಇಯಲ್ಲೂ ಹೆಚ್ಚುವರಿ ಸಮಯ, ಸ್ಕ್ರೈಬ್, ವಿಷಯ ಆಯ್ಕೆಯ ಸಡಿಲಿಕೆ ಇವೆ. ಹಾಗಾಗಿ ವಿನಾಯಿತಿಗಾಗಿ ಬೋರ್ಡ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಓಪನ್ ಸ್ಕೂಲ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್, ಬೇರೆ ತರದ ಆಯ್ಕೆ. ಐದು ವಿಷಯ ಆರಿಸಿಕೊಳ್ಳಬಹುದು, ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಒಂದೊಂದಾಗಿ ಮುಗಿಸಬಹುದು. ಶಾಲೆಗೆ ಹೋಗುವುದೆಂದರೆ ಮಗುವಿಗೆ ಹೊಟ್ಟೆನೋವು ಬರುವ ಸ್ಥಿತಿ ಇದ್ದರೆ, ಗಣಿತ ಯಾವ ರೀತಿಯಲ್ಲೂ ದಾಟಲಾಗದಿದ್ದರೆ ಇದು ನಿಜವಾದ ಬಿಡುಗಡೆ. ಆದರೆ ಅಲ್ಲಿ ದಿನದ ತರಗತಿ ಇಲ್ಲ, ಕಲಿಸುವವರನ್ನು ನೀವೇ ಹುಡುಕಬೇಕು, ಸ್ನೇಹಿತರ ಬಳಗ ಕೈಬಿಡುತ್ತದೆ. ಶಾಲೆಯಲ್ಲಿ ಒಬ್ಬ ಶಿಕ್ಷಕರಾದರೂ ಮಗುವಿನ ಪರ ನಿಂತಿದ್ದರೆ ಶಾಲೆಯಲ್ಲೇ ಉಳಿಸುವುದು ಮೇಲು. ತೀರ್ಮಾನಕ್ಕೆ ಮೊದಲು ಮಗುವನ್ನೇ ಕೂರಿಸಿಕೊಂಡು ಕೇಳಿ. ಹದಿನಾಲ್ಕು ವರ್ಷದ ಮಗುವಿಗೆ ತನಗೆ ಯಾವ ಪೀರಿಯಡ್ ಕಷ್ಟ, ಯಾರ ಪಾಠ ಅರ್ಥವಾಗುತ್ತದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.